ಒಡೆದ ಹಡಗನ್ನು ಕೈಬಿಡದವರು

ಓದತಕ್ಕ ವೇದಭಾಗಗಳು: ಅಪೊಸ್ತಲರ ಕೃತ್ಯಗಳು 27ನೆಯ ಅಧ್ಯಾಯ, ಲೂಕನ ಸುವಾರ್ತೆ 15ನೆಯ ಅಧ್ಯಾಯ.



ನಾನು ಈ ಮಾತುಗಳನ್ನು ಬೆಂಗಳೂರಿನ ಉತ್ತರಭಾಗದಲ್ಲಿ, ಕವಿ ರವೀಂದ್ರನಾಥ ಠಾಗೋರರ ಹೆಸರನ್ನು ಹೊತ್ತಿರುವ ಆರ್.ಟಿ. ನಗರದಲ್ಲಿ ಕೂತುಕೊಂಡು ಬರೆಯುತ್ತಿದ್ದೇನೆ. ಈ ಸ್ಥಳವು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರು ಎತ್ತರದಲ್ಲಿದೆ. ಇಲ್ಲಿಂದ ಮಂಗಳೂರಿನ ಕಡಲನ್ನು ನೋಡಬೇಕಾದರೆ ರಾತ್ರಿಯೆಲ್ಲಾ ಬಸ್ಸಿನಲ್ಲಿ ಪ್ರಯಾಣಮಾಡಿ ಘಟ್ಟವನ್ನು ಇಳಿಯಬೇಕು. ಇದನ್ನು ಓದುವ ನಿಮ್ಮಲ್ಲಿ ಅನೇಕರು ರಾಗಿಯ ಹೊಲವನ್ನೂ ಬತ್ತಿದ ಕೆರೆಯನ್ನೂ ಬಲ್ಲವರೇ ಹೊರತು ಸಮುದ್ರವನ್ನು ಕಣ್ಣಾರೆ ಕಂಡವರಲ್ಲ. ಹೀಗಿರಲಾಗಿ, ಹಡಗುಗಳ ವಿಷಯವಾಗಿ ನಮಗೆ ಯಾಕೆ ಬೋಧಿಸುತ್ತೀರಿ ಎಂದು ನೀವು ಕೇಳಬಹುದು.

ನೀರು ನಮ್ಮಿಂದ ದೂರವಿದೆ ಎಂದು ಯಾರೂ ಧೈರ್ಯವಾಗಿ ಹೇಳಲಾರರು. 2024ನೆಯ ಅಕ್ಟೋಬರ್ ತಿಂಗಳಲ್ಲಿ ದೊಡ್ಡ ಮಳೆ ಸುರಿದಾಗ, ನಮಗೆ ಸಮೀಪವಾದ ಯಲಹಂಕದ ಕೇಂದ್ರೀಯ ವಿಹಾರವೆಂಬ ವಸತಿಯೊಳಗೆ ನೀರು ನುಗ್ಗಿ, ಅಲ್ಲಿನ ಜನರನ್ನು ದೋಣಿಗಳಲ್ಲಿ ಕೂರಿಸಿ ಹೊರಗೆ ತರಬೇಕಾಯಿತು. ಹಿಂದಿನ ದಿನ ವಾಹನಗಳು ಓಡಿದ ದಾರಿಯಲ್ಲಿ ಮಾರನೆಯ ದಿನ ದೋಣಿಗಳು ತೇಲಿದವು. ಸಮುದ್ರದಿಂದ ಇಷ್ಟು ಎತ್ತರದಲ್ಲಿ ಮನೆಕಟ್ಟಿದವರು ತಮಗೂ ಒಂದು ದಿನ ದೋಣಿಯವನ ಕೈ ಬೇಕಾಗುವದೆಂದು ಕನಸಿನಲ್ಲಿಯಾದರೂ ನೆನಸಿದ್ದರೋ? ಆದಕಾರಣ ಹಡಗಿನವರ ಕಥೆಯು ನಮ್ಮ ಕಥೆಯೂ ಆಗಿದೆ.

ಸಮುದ್ರದಲ್ಲಿ ಒಂದು ವಿಶೇಷವಾದ ಕಸುಬು ಉಂಟು. ಹಡಗು ಬಂಡೆಗೆ ಬಡಿದಾಗಲೂ, ಬೆಂಕಿಹತ್ತಿದಾಗಲೂ, ಒಡಲು ಬಿರಿದು ನೀರು ತುಂಬುವಾಗಲೂ ಅದರಲ್ಲಿದ್ದವರು ಪ್ರಾಣ ಉಳಿಸಿಕೊಳ್ಳುವದಕ್ಕಾಗಿ ಇಳಿದು ಹೋಗುತ್ತಾರೆ. ಹಾಗೆ ಹೋಗುವದು ನ್ಯಾಯವೇ ಸರಿ. ಆ ಹೊತ್ತಿನಲ್ಲಿ ಎಲ್ಲರೂ ಬಿಟ್ಟುಬರುವ ಹಡಗಿನ ಕಡೆಗೆ ಕೆಲವರು ಎದುರಾಗಿ ಹೋಗುತ್ತಾರೆ. ಹಡಗನ್ನೂ ಅದರ ಸರಕನ್ನೂ ನಾಶಕ್ಕೆ ಬಿಡದೆ ಉಳಿಸುವದೇ ಅವರ ಕೆಲಸ. ಅವರಲ್ಲಿ ಮುಳುಗುಗಾರರು ಇದ್ದಾರೆ, ಬೆಂಕಿಯನ್ನು ಆರಿಸಬಲ್ಲವರು ಇದ್ದಾರೆ, ಟಗ್ ಎಂಬ ಚಿಕ್ಕದಾದರೂ ಬಹು ಬಲವುಳ್ಳ ಎಳೆಯುವ ದೋಣಿಯನ್ನು ನಡಿಸುವವರು ಇದ್ದಾರೆ. ಇವರ ಕೆಲಸದಿಂದ ನಾವು ಕಲಿಯತಕ್ಕ ಪಾಠಗಳನ್ನು ಒಂದೊಂದಾಗಿ ವಿಚಾರಿಸೋಣ.

ಮೊದಲನೆಯದಾಗಿ, ಹಡಗು ಮುಳುಗುವದು ಹೇಗೆ ಎಂಬದನ್ನು ನೋಡಿರಿ.

ಹೊರಗಣ ಬಿರುಗಾಳಿಯೇ ಹಡಗನ್ನು ಮುಳುಗಿಸುವದೆಂದು ನಾವು ಎಣಿಸುತ್ತೇವೆ. ಆದರೆ ಅನೇಕ ಸಾರಿ ಕೇಡು ಒಳಗಿರುತ್ತದೆ. 2009ನೆಯ ಜುಲೈ ತಿಂಗಳಲ್ಲಿ ಏಶಿಯನ್ ಫಾರೆಸ್ಟ್ ಎಂಬ ಹಡಗು ನವಮಂಗಳೂರು ಬಂದರಿನಲ್ಲಿ ಸುಮಾರು 13,600 ಟನ್ನು ಕಬ್ಬಿಣದ ಅದಿರಿನ ಪುಡಿಯನ್ನು ತುಂಬಿಕೊಂಡು ಹೊರಟಿತು. ಅದು ಬಹುದೂರ ಹೋಗಲಿಲ್ಲ; ಕರಾವಳಿಯ ಸಮೀಪದಲ್ಲಿಯೇ ಒಂದು ಪಕ್ಕಕ್ಕೆ ವಾಲಿ ಮುಳುಗಿತು. ಅದರಲ್ಲಿದ್ದ 18 ಮಂದಿ ನಾವಿಕರನ್ನು ಕರಾವಳಿ ಕಾವಲುಪಡೆಯವರು ಜೀವದಿಂದ ಉಳಿಸಿದರು.

ಇಂಥ ಸರಕು ಹಡಗನ್ನು ಕೆಡವುವ ರೀತಿಯನ್ನು ತಿಳಿದುಕೊಳ್ಳಿರಿ. ಅದಿರಿನ ಪುಡಿಯು ಮಳೆಗಾಲದಲ್ಲಿ ಬಯಲಿನಲ್ಲಿ ರಾಶಿಯಾಗಿ ಬಿದ್ದಿರುವಾಗ ನೀರನ್ನು ಕುಡಿಯುತ್ತದೆ. ಮೇಲೆ ನೋಡಿದರೆ ಒಣಗಿದ ಮಣ್ಣಿನಂತೆಯೇ ಕಾಣುತ್ತದೆ. ಅದರ ಮೇಲೆ ಮನುಷ್ಯನು ನಡೆಯಬಹುದು. ಆದರೆ ಹಡಗು ಸಮುದ್ರಕ್ಕೆ ಹೋಗಿ ಯಂತ್ರದ ನಡುಗುವಿಕೆಯಿಂದಲೂ ಅಲೆಗಳ ಹೊಡೆತದಿಂದಲೂ ಅಲುಗಾಡುವಾಗ ಪುಡಿಯ ಕಣಗಳು ಒತ್ತಾಗುತ್ತವೆ. ಅವುಗಳ ನಡುವೆ ಅಡಗಿದ್ದ ನೀರಿಗೆ ಹೋಗುವದಕ್ಕೆ ದಾರಿಯಿಲ್ಲದೆ, ಗಟ್ಟಿಯಾದ ರಾಶಿಯೆಲ್ಲಾ ಒಮ್ಮೆಲೇ ಕೆಸರಾಗುತ್ತದೆ. ಹಡಗು ಎಡಕ್ಕೆ ವಾಲಿದರೆ ಕೆಸರೂ ಎಡಕ್ಕೆ ಹರಿಯುತ್ತದೆ. ಹರಿದದ್ದು ತಿರುಗಿ ಬಾರದು. ಹೀಗೆ ಹೊರಗಣ ಕಬ್ಬಿಣದ ಗೋಡೆಯಲ್ಲಿ ಒಂದು ತೂತೂ ಇಲ್ಲದ ಹಡಗು ತನ್ನ ಒಡಲಿನ ಭಾರದಿಂದಲೇ ಮಗುಚಿಕೊಳ್ಳುತ್ತದೆ.

ಪ್ರಿಯರೇ, ಬಂದರಿನಲ್ಲಿ ನಿಂತಿರುವಾಗ ಆ ಸರಕು ಗಟ್ಟಿಯಾಗಿಯೇ ಕಾಣುತ್ತಿತ್ತು. ನಾವು ಭಾನುವಾರ ದೇವಾಲಯದಲ್ಲಿ ಕೂತಿರುವಾಗಲೂ ಹಾಗೆಯೇ ಕಾಣುತ್ತೇವೆ. ಬಿಳಿಯ ಬಟ್ಟೆ, ಕೈಯಲ್ಲಿ ಸತ್ಯವೇದ, ಬಾಯಲ್ಲಿ ಕೀರ್ತನೆ. ಅಲುಗಾಡಿಸುವ ದಿನವು ಬರುವ ತನಕ ಒಳಗೆ ಅಡಗಿರುವ ನೀರು ತೋರಿಬರುವದಿಲ್ಲ. ಮಳೆ ತಪ್ಪಿದ ವರುಷ, ಮಗಳ ಮದುವೆಯ ವೆಚ್ಚ, ಹಂಚಿಕೊಳ್ಳತಕ್ಕ ಜಮೀನಿನ ವ್ಯಾಜ್ಯ, ಇವುಗಳಲ್ಲಿ ಒಂದು ಬಂದರೆ ಸಾಕು. ಬಹುಕಾಲದಿಂದ ಮುಚ್ಚಿಟ್ಟ ಹೊಟ್ಟೆಕಿಚ್ಚೂ, ಗುಟ್ಟಾಗಿ ಕುಡಿದ ಕುಡಿತವೂ, ಹೆಂಡತಿಗೆ ತಿಳಿಸದೆ ಮಾಡಿದ ಸಾಲವೂ ಒಂದೇ ಕಡೆಗೆ ಹರಿದು ನಮ್ಮನ್ನು ಕೆಡವುತ್ತವೆ. ಜಾಣನಾದ ನಾವಿಕನು ಬಂದರಿನಲ್ಲಿರುವಾಗಲೇ ಸರಕಿನ ತೇವವನ್ನು ಪರೀಕ್ಷಿಸುತ್ತಾನೆ. ನಾವೂ ಶಾಂತವಾದ ದಿನಗಳಲ್ಲಿಯೇ ದೇವರ ಮುಂದೆ ನಮ್ಮ ಹೃದಯವನ್ನು ತೆರೆದಿಡೋಣ.

ಎರಡನೆಯದಾಗಿ, ಉರಿಯುವ ಹಡಗು ತನ್ನನ್ನು ತಾನೇ ಎಳೆದುಕೊಳ್ಳಲಾರದು.

2025ನೆಯ ಜೂನ್ 9ನೆಯ ತಾರೀಖಿನಲ್ಲಿ ವಾನ್ ಹೈ 503 ಎಂಬ ಸಿಂಗಾಪುರದ ಧ್ವಜದ ಹಡಗು ಕೊಲಂಬೋವಿನಿಂದ ಮುಂಬಯಿಯ ಕಡೆಗೆ ಹೋಗುತ್ತಿರುವಾಗ, ಕೇರಳದ ಕರಾವಳಿಯ ಆಚೆಯಲ್ಲಿ ಅದರ ಸರಕಿನ ಪೆಟ್ಟಿಗೆಗಳೊಳಗೆ ಸ್ಫೋಟವಾಗಿ ಬೆಂಕಿಯೆದ್ದಿತು. ಅದರಲ್ಲಿ 22 ಮಂದಿ ಇದ್ದರು. ಅವರಲ್ಲಿ 18 ಮಂದಿ ಹಡಗನ್ನು ಬಿಟ್ಟು ತಪ್ಪಿಸಿಕೊಂಡರು. ನಮ್ಮ ನೌಕಾಪಡೆಯವರು ಅವರನ್ನು ಐಎನ್‌ಎಸ್ ಸೂರತ್ ಎಂಬ ಯುದ್ಧನೌಕೆಯಲ್ಲಿ ಮಂಗಳೂರಿಗೆ ತಂದರು. ಗಾಯಗೊಂಡವರಿಗೆ ಆ ಊರಿನಲ್ಲಿಯೇ ಚಿಕಿತ್ಸೆಯಾಯಿತು. ಉಳಿದ 4 ಮಂದಿ ಕಾಣದೆಹೋದರು. ನಮ್ಮ ನಾಡಿನ ದಡದಲ್ಲಿ ಪರದೇಶದ ನಾವಿಕರು ಇಳಿದ ಆ ರಾತ್ರಿ, ಆ ನಾಲ್ವರ ಮನೆಗಳಲ್ಲಿ ದೀಪವನ್ನು ಆರಿಸದೆ ಕಾದಿದ್ದವರನ್ನು ನೆನೆಯಿರಿ.

ಆ ಹಡಗಿನ ಮೇಲೆ ಸಾವಿರಕ್ಕೂ ಹೆಚ್ಚು ಪೆಟ್ಟಿಗೆಗಳಿದ್ದವು. ಅವುಗಳಲ್ಲಿ ನೂರಕ್ಕೂ ಮೇಲ್ಪಟ್ಟು ಬೆಂಕಿಹತ್ತುವ ಅಥವಾ ವಿಷವಾದ ಸರಕಿನವು. ಮುಂಗಾರಿನ ಗಾಳಿಯು ಅದನ್ನು ದಡದ ಕಡೆಗೆ ನೂಕುತ್ತಿತ್ತು. ಆ ಸಮಯದಲ್ಲಿ ಉದ್ಧಾರದ ಕೆಲಸದವರು ಹೆಲಿಕಾಪ್ಟರಿನಿಂದ ಆ ಉರಿಯುವ ಹಡಗಿನ ಮೇಲೆ ಇಳಿದು, ಅದರ ಮುಂಭಾಗಕ್ಕೆ ಎಳೆಯುವ ಹಗ್ಗವನ್ನು ಕಟ್ಟಿದರು. ಟಗ್ ದೋಣಿಗಳು ಅದನ್ನು ದಡದಿಂದ ದೂರಕ್ಕೆ ಎಳೆದವು. ಬೆಂಕಿಯು ಒಂದು ದಿನದಲ್ಲಿ ಆರಲಿಲ್ಲ. ಆರಿತೆಂದು ನೆನಸಿದ ಮೇಲೆಯೂ ತಿರಿಗಿ ಎದ್ದಿತು. ವಾರಗಟ್ಟಲೆ ಅದರ ಸಂಗಡ ಹೆಣಗಬೇಕಾಯಿತು.

ಇಲ್ಲಿ ಗಮನಿಸಿರಿ: ಹಗ್ಗವನ್ನು ಕಟ್ಟತಕ್ಕ ಕೈ ಆ ಹಡಗಿನೊಳಗೆ ಒಂದೂ ಇರಲಿಲ್ಲ. ದೂರದಲ್ಲಿ ನಿಂತು ಹೀಗೆ ಮಾಡು, ಹಾಗೆ ಮಾಡು ಎಂದು ಕೂಗಿದರೆ ಆ ಹಡಗು ಕೇಳುತ್ತಿತ್ತೋ? ಯಾರಾದರೂ ಹೊರಗಿನಿಂದ ಬಂದು, ಬಿಸಿಯಾದ ಆ ಕಬ್ಬಿಣದ ಮೇಲೆ ಕಾಲಿಡಲೇಬೇಕಾಗಿತ್ತು. ನಮ್ಮ ಕರ್ತನು ಮಾಡಿದ್ದು ಇದನ್ನೇ. ಆತನು ಪರಲೋಕದಲ್ಲಿ ಕೂತುಕೊಂಡು ಒಳ್ಳೆಯ ಉಪದೇಶಗಳನ್ನು ಮಾತ್ರ ಕಳುಹಿಸಲಿಲ್ಲ. ತಾನೇ ಇಳಿದು ಬಂದು, ನಮ್ಮ ಮನುಷ್ಯತ್ವವನ್ನು ಧರಿಸಿಕೊಂಡು, ನಾವು ಬೇಯುವಲ್ಲಿ ತಾನೂ ನಿಂತನು.

ಇಳಿದು ಬರುವದು ಅಗ್ಗವಾದ ಕೆಲಸವಲ್ಲ. 2012ರಲ್ಲಿ ಇತಾಲ್ಯದ ಒಂದು ದ್ವೀಪದ ಬಳಿ ಕೋಸ್ತಾ ಕಾಂಕೋರ್ಡಿಯಾ ಎಂಬ ದೊಡ್ಡ ಪ್ರಯಾಣದ ಹಡಗು ಬಂಡೆಗೆ ಬಡಿದು ಮಗ್ಗುಲಾಗಿ ಬಿದ್ದು 32 ಮಂದಿ ಸತ್ತರು. ಬಿದ್ದ ಆ ಹಡಗನ್ನು 2013ರಲ್ಲಿ ನೆಟ್ಟಗೆ ನಿಲ್ಲಿಸಿದರು. 2014ರಲ್ಲಿ ತೇಲಿಸಿ ಎಳೆದುಕೊಂಡು ಹೋದರು. ಆ ಕೆಲಸದಲ್ಲಿ ಸ್ಪೇನ್ ದೇಶದ ಒಬ್ಬ ಮುಳುಗುಗಾರನು ನೀರಿನೊಳಗೆ ಗಾಯಪಟ್ಟು ಪ್ರಾಣಬಿಟ್ಟನು. ಹಳೆಯ ಕಬ್ಬಿಣವಾಗಿ ಒಡೆಯಲ್ಪಡತಕ್ಕ ಒಂದು ಹಡಗಿಗೋಸ್ಕರ ಒಬ್ಬನ ಪ್ರಾಣ ಹೋಯಿತಲ್ಲಾ ಎಂದು ನಾವು ಮರುಗುತ್ತೇವೆ. ಹಾಗಾದರೆ ನಮ್ಮಂಥವರಿಗೋಸ್ಕರ ಪ್ರಾಣಕೊಟ್ಟವನನ್ನು ಕುರಿತು ಏನು ಹೇಳೋಣ? ನಾವು ಯೋಗ್ಯರೆಂದು ಆತನು ಬರಲಿಲ್ಲ, ಮುಳುಗುತ್ತಿದ್ದೇವೆಂದು ಬಂದನು.

ಮೂರನೆಯದಾಗಿ, ಈ ಕಸುಬಿನ ಕೂಲಿಯ ನಿಯಮವನ್ನು ನೋಡಿರಿ.

ಲಂಡನ್ನಿನ ಲಾಯ್ಡ್ಸ್ ಸಂಸ್ಥೆಯ ಒಂದು ಒಪ್ಪಂದದ ಪತ್ರವು ನೂರು ವರುಷಗಳಿಗೂ ಹೆಚ್ಚು ಕಾಲದಿಂದ ಈ ಕಸುಬಿನಲ್ಲಿ ನಡೆದುಬಂದಿದೆ. ಅದರ ಮುಖ್ಯ ನಿಯಮವು ಬಹು ಕಠಿಣವಾದದ್ದು: ಹಡಗಾಗಲಿ ಸರಕಾಗಲಿ ಉಳಿದರೆ ಕೂಲಿಯುಂಟು, ಏನೂ ಉಳಿಯದಿದ್ದರೆ ಕೂಲಿಯಿಲ್ಲ. ತಿಂಗಳುಗಟ್ಟಲೆ ಹೆಣಗಿದ ಮೇಲೆ ಕೊನೆಯ ದಿನ ಹಡಗು ಮುಳುಗಿದರೆ ಬರಿಗೈಯಲ್ಲಿ ಹಿಂದಿರುಗಬೇಕು.

1989ರಲ್ಲಿ ಅನೇಕ ದೇಶಗಳು ಲಂಡನ್ನಿನಲ್ಲಿ ಕೂಡಿ ಹೊಸ ಒಡಂಬಡಿಕೆಯೊಂದನ್ನು ಬರೆದವು. ಅದರಲ್ಲಿ ಎರಡು ಮಾತುಗಳು ನಮ್ಮ ಮನಸ್ಸಿಗೆ ನಾಟತಕ್ಕವು. ಒಂದು: ಹಡಗನ್ನು ಉಳಿಸಲಾರದೆ ಹೋದರೂ, ಅದರ ಎಣ್ಣೆ ಮೊದಲಾದವುಗಳಿಂದ ಕಡಲೂ ಕರೆಯೂ ಕೆಡದಂತೆ ದುಡಿದವನಿಗೆ ಅವನ ವೆಚ್ಚವನ್ನು ಕೊಡತಕ್ಕದ್ದು. ಫಲಕಾಣದ ದುಡಿತವೂ ವ್ಯರ್ಥವಲ್ಲವೆಂದು ಲೋಕದ ನ್ಯಾಯವೇ ಒಪ್ಪಿಕೊಂಡಿತು. ಕುಡುಕನಾದ ಗಂಡನಿಗೋಸ್ಕರ ಇಪ್ಪತ್ತು ವರುಷ ಪ್ರಾರ್ಥಿಸಿ, ಅವನು ತಿರುಗಿಕೊಳ್ಳದೆ ಸತ್ತದ್ದನ್ನು ಕಂಡ ಸಹೋದರಿಯೇ, ಇದನ್ನು ಕೇಳು. ಆ ಇಪ್ಪತ್ತು ವರುಷ ನೀನು ಅಡ್ಡನಿಂತದ್ದರಿಂದ ಅವನ ಕೇಡು ಮಕ್ಕಳ ಮೇಲೆ ಹರಿಯಲಿಲ್ಲ. ಮನುಷ್ಯರ ಒಡಂಬಡಿಕೆಯು ಇದನ್ನು ಲೆಕ್ಕಕ್ಕೆ ತೆಗೆದುಕೊಂಡರೆ ದೇವರು ಮರೆಯುವನೋ?

ಇನ್ನೊಂದು ಮಾತು ಇದಕ್ಕಿಂತ ದೊಡ್ಡದು. ಉಳಿಸಲ್ಪಟ್ಟ ಹಡಗಿಗೂ ಸರಕಿಗೂ ಅದರ ಒಡೆಯನು ಬೆಲೆ ಕೊಡಬೇಕು. ಆದರೆ ಪ್ರಾಣ ಉಳಿಸಲ್ಪಟ್ಟ ಮನುಷ್ಯನಿಂದ ಏನನ್ನೂ ಕೇಳತಕ್ಕದ್ದಲ್ಲ. ನೀರಿನಿಂದ ಎತ್ತಲ್ಪಟ್ಟವನು ತನ್ನನ್ನು ಎತ್ತಿದವನಿಗೆ ಕೂಲಿಯ ಸಾಲಗಾರನಲ್ಲ. ಅದಲ್ಲದೆ ಸಮುದ್ರದಲ್ಲಿ ಸಾಯುವ ಸ್ಥಿತಿಯಲ್ಲಿರುವ ಮನುಷ್ಯನನ್ನು ಕಂಡ ಹಡಗಿನ ನಾಯಕನು, ತನ್ನ ಹಡಗಿಗೂ ಅದರಲ್ಲಿರುವವರಿಗೂ ಘೋರವಾದ ಅಪಾಯವಿಲ್ಲದ ಪಕ್ಷದಲ್ಲಿ, ಸಹಾಯಮಾಡಲೇಬೇಕು. ಅವನು ಯಾವ ದೇಶದವನು, ಯಾವ ಜಾತಿಯವನು, ತಪ್ಪು ಯಾರದು ಎಂದು ವಿಚಾರಿಸುತ್ತಾ ನಿಲ್ಲುವದಕ್ಕೆ ಅವಕಾಶವಿಲ್ಲ.

2022ನೆಯ ಜೂನ್ ತಿಂಗಳಲ್ಲಿ ಪ್ರಿನ್ಸೆಸ್ ಮಿರಾಲ್ ಎಂಬ ಹಡಗು ಚೀನದಿಂದ ಲೆಬನೋನಿಗೆ ಸುಮಾರು 8,000 ಟನ್ನು ಉಕ್ಕಿನ ಸುರುಳಿಗಳನ್ನು ಹೊತ್ತುಕೊಂಡು ಹೋಗುವಾಗ, ಒಡಲಿನಲ್ಲಿ ನೀರು ಸೋರಿ ಉಳ್ಳಾಲದ ಹತ್ತಿರ ಕೆಟ್ಟುನಿಂತಿತು. ಅದರಲ್ಲಿದ್ದ 15 ಮಂದಿ ಸಿರಿಯಾದೇಶದವರನ್ನು ನಮ್ಮ ಕರಾವಳಿ ಕಾವಲುಪಡೆಯವರು ಹೊರಗೆ ತಂದರು. ಕೋಟಿಗಟ್ಟಲೆ ಬೆಲೆಯ ಉಕ್ಕು ನೀರಿನಲ್ಲಿಯೇ ಉಳಿಯಿತು. ಮನುಷ್ಯರು ದಡಕ್ಕೆ ಬಂದರು. ಯಾವದು ಮೊದಲು, ಯಾವದು ಆಮೇಲೆ ಎಂಬದು ಕಡಲಿನವರಿಗೆ ಚೆನ್ನಾಗಿ ತಿಳಿದಿದೆ. ಪೌಲನ ಹಡಗಿನಲ್ಲಿಯೂ ಹೀಗೆಯೇ ಆಯಿತಲ್ಲವೇ? ಅವರು ಮೊದಲು ಸರಕನ್ನು, ಆಮೇಲೆ ಹಡಗಿನ ಸಾಮಾನನ್ನು, ಕಡೆಗೆ ತಿನ್ನುವ ಗೋದಿಯನ್ನೂ ಸಮುದ್ರಕ್ಕೆ ಎಸೆದರು, ಹಡಗೂ ಒಡೆದುಹೋಯಿತು, ಆದರೆ ಅದರಲ್ಲಿದ್ದ 276 ಮಂದಿಯಲ್ಲಿ ಒಬ್ಬನೂ ಕೆಡಲಿಲ್ಲ. ಈಜಬಲ್ಲವರು ಈಜಿದರು, ಈಜಲಾರದವರು ಹಲಗೆಗಳನ್ನೂ ಮುರಿದ ತುಂಡುಗಳನ್ನೂ ಹಿಡಿದುಕೊಂಡರು, ಎಲ್ಲರೂ ಮೆಲೀತೆಯ ದಡವನ್ನು ಸೇರಿದರು. ದೇವರ ಕೃಪೆಗೆ ನಾವು ಬೆಲೆಕೊಡಲಾರೆವು, ಆತನೂ ಕೇಳುವದಿಲ್ಲ. ಹಲಗೆಯನ್ನು ಹಿಡಿದು ಬಂದವನನ್ನು ಆ ದಡವು ಹಿಂದಕ್ಕೆ ನೂಕುವದಿಲ್ಲ.

ನಾಲ್ಕನೆಯದಾಗಿ, ಒಡೆದ ಹಡಗಿನ ಸರಕು ಕಂಡವನ ಸ್ವತ್ತಲ್ಲ.

2025ನೆಯ ಮೇ 25ನೆಯ ತಾರೀಖಿನಲ್ಲಿ ಎಂಎಸ್‌ಸಿ ಎಲ್ಸಾ 3 ಎಂಬ ಹಡಗು ಕೊಚ್ಚಿಯ ಆಚೆಯಲ್ಲಿ 640 ಪೆಟ್ಟಿಗೆಗಳ ಸಮೇತ ಮುಳುಗಿತು. ಅದರ 24 ಮಂದಿಯೂ ಉಳಿದರು. ಪೆಟ್ಟಿಗೆಗಳು ಒಂದೊಂದಾಗಿ ಕೇರಳದ ದಡಕ್ಕೆ ಬಂದು ಬಿದ್ದವು. ಪ್ಲಾಸ್ಟಿಕ್ಕಿನ ಸಣ್ಣ ಕಾಳುಗಳು ಮರಳಿನ ಮೇಲೆಲ್ಲಾ ಹರಡಿದವು. ದಡದ ಜನರಿಗೆ ಅಧಿಕಾರಿಗಳು, ಮುಟ್ಟಬೇಡಿರಿ, ದೂರದಲ್ಲಿ ನಿಂತು ತಿಳಿಸಿರಿ ಎಂದು ಸಾರಿದರು. ಆಮೇಲೆ ಅನೇಕ ಮಂದಿ ಸ್ವಇಷ್ಟದಿಂದ ಬಂದು ಆ ಕಾಳುಗಳನ್ನು ಜರಡಿಹಿಡಿದು ಆರಿಸಿದರು. ದಡಕ್ಕೆ ಬಂದದ್ದನ್ನು ಕಂಡವನು ಮನೆಗೆ ಹೊತ್ತುಕೊಂಡು ಹೋಗದೆ, ಅದಕ್ಕಾಗಿ ನೇಮಕವಾದ ಅಧಿಕಾರಿಗೆ ತಿಳಿಸಬೇಕೆಂಬದು ನಮ್ಮ ದೇಶದ ಕಾನೂನು. ಒಡೆಯನು ಕಾಣದಿದ್ದರೂ ಒಡೆಯನು ಉಂಟು. ಮೋಶೆಯ ಧರ್ಮಶಾಸ್ತ್ರವೂ ದಾರಿತಪ್ಪಿದ ನೆರೆಯವನ ಎತ್ತನ್ನು ಕಂಡರೆ ಕಾಣದವನಂತೆ ಹೋಗದೆ ಅವನಿಗೆ ತಂದುಕೊಡಬೇಕೆಂದು, ಅವನು ಹಗೆಯಾಗಿದ್ದರೂ ಹಾಗೆ ಮಾಡಬೇಕೆಂದು ಕಲಿಸುತ್ತದೆ.

ನಮ್ಮ ಹಳ್ಳಿಗಳಲ್ಲಿ ಒಂದು ಮನೆ ಒಡೆದರೆ ನಾವು ಏನು ಮಾಡುತ್ತೇವೆ? ಒಬ್ಬನು ಸಾಲದಲ್ಲಿ ಮುಳುಗಿದನೆಂಬ ಸುದ್ದಿ ಬಂದ ಕೂಡಲೇ ಅವನ ಎರಡು ಎಕರೆಯನ್ನು ಅರ್ಧಬೆಲೆಗೆ ಕೇಳುವವರು ಬರುತ್ತಾರೆ. ಅವನ ಹಾಲುಕೊಡುವ ಹಸುವನ್ನು ಹೊಡೆದುಕೊಂಡು ಹೋಗುವವರು ಬರುತ್ತಾರೆ. ಕೆಲವರು ಬೇರೆ ಏನೂ ತೆಗೆದುಕೊಳ್ಳದೆ, ಅವನ ಮರ್ಯಾದೆಯನ್ನು ಮಾತ್ರ ಹೊತ್ತುಕೊಂಡು ಹೋಗಿ ಬಾವಿಕಟ್ಟೆಯಲ್ಲಿ ಹಂಚುತ್ತಾರೆ. ಇವರು ಯಾರೂ ಹಡಗನ್ನು ಒಡೆದವರಲ್ಲ, ಅದು ನಿಜ. ಒಡೆದ ಹಡಗನ್ನು ದೋಚುವವರು ಇವರು. ಬಿದ್ದ ಸಹೋದರನು ಒಡೆಯನಿಲ್ಲದ ಸೊತ್ತೆಂದು ನೆನಸಬೇಡಿರಿ. ಅವನನ್ನು ಕೊಂಡುಕೊಂಡ ಒಬ್ಬ ಒಡೆಯನಿದ್ದಾನೆ; ಆತನು ಒಂದು ದಿನ ದಡಕ್ಕೆ ಬಂದು ಲೆಕ್ಕ ಕೇಳುವನು.

ಐದನೆಯದಾಗಿ, ಕೆಲವು ಸಾರಿ ಹುಡುಕುವದೇ ಕೊನೆಯ ಪ್ರೀತಿಯ ಕೆಲಸವಾಗಿದೆ.

2018ನೆಯ ದಶಂಬರ 13ನೆಯ ತಾರೀಖಿನಲ್ಲಿ ಉಡುಪಿಯ ಮಲ್ಪೆ ಬಂದರಿನಿಂದ ಸುವರ್ಣ ತ್ರಿಭುಜ ಎಂಬ ಮೀನುಗಾರಿಕೆಯ ದೋಣಿಯು ಹೊರಟಿತು. ಅದರಲ್ಲಿ ಉಡುಪಿ ಮತ್ತು ಉತ್ತರ ಕನ್ನಡದ ಕಡೆಯ 7 ಮಂದಿ ಮೀನುಗಾರರು ಇದ್ದರು. ಎರಡು ದಿನಗಳಾದ ಮೇಲೆ ಅವರಿಂದ ಸುದ್ದಿ ನಿಂತುಹೋಯಿತು. ಹೆಂಡತಿಯರೂ ತಾಯಂದಿರೂ ತಿಂಗಳ ಮೇಲೆ ತಿಂಗಳು ಕಾದರು. ಮೀನುಗಾರರು ಸಾವಿರಾರು ಮಂದಿ ಕೂಡಿ, ನಮ್ಮವರನ್ನು ಹುಡುಕಿಕೊಡಿರೆಂದು ಬೇಡಿಕೊಂಡರು. ಕಡೆಗೆ 2019ನೆಯ ಮೇ ತಿಂಗಳಲ್ಲಿ ನೌಕಾಪಡೆಯ ಮುಳುಗುಗಾರರ ಹಡಗಾದ ಐಎನ್‌ಎಸ್ ನಿರೀಕ್ಷಕ್ ಮಹಾರಾಷ್ಟ್ರದ ಮಾಲ್ವಣದ ಆಚೆಯಲ್ಲಿ, ಸಮುದ್ರದ ತಳದಲ್ಲಿ ಆ ದೋಣಿಯ ಅವಶೇಷವನ್ನು ಕಂಡುಹಿಡಿಯಿತು. ಆ 7 ಮಂದಿ ಮನೆಗೆ ಬರಲಿಲ್ಲ.

ಈ ಕಥೆಗೆ ನಾನು ಸುಖವಾದ ಅಂತ್ಯವನ್ನು ಸೇರಿಸಲಾರೆನು. ದುಃಖದಲ್ಲಿರುವವರಿಗೆ ಸುಳ್ಳು ಆದರಣೆಯನ್ನು ಹೇಳುವದು ಬೋಧಕನ ಕೆಲಸವಲ್ಲ. ಆದರೂ ಒಂದು ಮಾತನ್ನು ಹೇಳುತ್ತೇನೆ. ತಮ್ಮವರನ್ನು ಯಾರೂ ಹುಡುಕಲಿಲ್ಲ ಎಂಬ ದುಃಖವು ಸಾವಿನ ದುಃಖದ ಮೇಲೆ ಬಂದ ಇನ್ನೊಂದು ಭಾರ. ಆ ಎರಡನೆಯ ಭಾರವನ್ನಾದರೂ ಇಳಿಸುವದು ನಮ್ಮ ಕೈಯಲ್ಲಿದೆ. ತಳದ ಕತ್ತಲೆಗೆ ಇಳಿದು ಹುಡುಕಿದವರು ಆ ಮನೆಗಳಿಗೆ ನಿಜವನ್ನು ತಂದುಕೊಟ್ಟರು. ಮತ್ತು ಸಮುದ್ರವು ತನ್ನೊಳಗಿರುವ ಸತ್ತವರನ್ನು ಒಪ್ಪಿಸುವ ದಿನವೊಂದು ಬರುವದೆಂದು ನಾವು ನಂಬುತ್ತೇವಲ್ಲವೇ? ಕರ್ತನ ಹುಡುಕಾಟವು ನಮ್ಮ ಹುಡುಕಾಟವು ನಿಂತಲ್ಲಿ ನಿಲ್ಲುವದಿಲ್ಲ.

ಪ್ರಿಯರೇ, ಇಷ್ಟು ಹೇಳಿದ ಮೇಲೆ ನನ್ನ ವಿಷಯವಾದ ಒಂದು ತಪ್ಪನ್ನು ನಿಮ್ಮ ಮುಂದೆ ಅರಿಕೆಮಾಡದೆ ಇರಲಾರೆನು.

ಕೆಲವು ವರುಷಗಳ ಕೆಳಗೆ ಹಳ್ಳಿಯ ಸಭೆಯೊಂದರಿಂದ ಒಬ್ಬ ಯೌವನಸ್ಥನು ಆರ್.ಟಿ. ನಗರಕ್ಕೆ ಬಂದು ಒಂದು ಅಂಗಡಿಯಲ್ಲಿ ಕೆಲಸಕ್ಕೆ ಸೇರಿದನು. ಮೊದಲು ಪ್ರತಿ ಭಾನುವಾರ ಆರಾಧನೆಗೆ ತಪ್ಪದೆ ಬರುತ್ತಿದ್ದನು. ಆಮೇಲೆ ಮೊಬೈಲಿನಲ್ಲಿ ಹಣವಿಟ್ಟು ಆಡುವ ಜೂಜಿಗೆ ಬಿದ್ದನು; ಸೋತದ್ದನ್ನು ತಿರಿಗಿ ಪಡೆಯುವದಕ್ಕಾಗಿ ಸಾಲಮಾಡಿದನು; ಆ ಸಾಲವನ್ನು ತೀರಿಸುವದಕ್ಕಾಗಿ ಬೇರೆ ಸಾಲಮಾಡಿದನು. ಆರಾಧನೆಗೆ ಬರುವದು ನಿಂತಿತು. ಒಂದು ಸಾಯಂಕಾಲ ಅವನು ಬಸ್ಸು ನಿಲ್ಲುವ ಸ್ಥಳದ ಬಳಿ ಚಹದ ಅಂಗಡಿಯ ಮುಂದೆ ನಿಂತಿರುವದನ್ನು ಕಂಡೆನು. ಅವನು ಹಣ ಕೇಳುವನೆಂದು ಹೆದರಿ, ಕಾಣದವನಂತೆ ರಸ್ತೆಯ ಆಚೆಯ ಬದಿಗೆ ದಾಟಿಹೋದೆನು. ಅವನು ನನ್ನನ್ನು ಕಂಡನು. ನಾನು ದಾಟಿದ್ದನ್ನೂ ಕಂಡನು.

ಒಂದು ತಿಂಗಳಾದ ಮೇಲೆ ಅವನ ಅಜ್ಜಿಯು ಊರಿನಿಂದ ರಾಗಿಹಿಟ್ಟಿನ ಗಂಟನ್ನು ಹೊತ್ತುಕೊಂಡು ನನ್ನ ಬಾಗಲಿಗೆ ಬಂದಳು. ಆಕೆಗೆ ಓದು ಬರದು.

"ಅಯ್ಯನವರೇ, ನನ್ನ ಮೊಮ್ಮಗ ನಿಮ್ಮ ಸಭೆಗೆ ಬರುತ್ತಿದ್ದನಲ್ಲಾ, ಈಗ ಎಲ್ಲಿದ್ದಾನೆ?" ಎಂದು ಕೇಳಿದಳು.

"ತಿಳಿಯದಮ್ಮಾ" ಎಂದೆನು.

"ಎಲ್ಲೆಲ್ಲಿ ಹುಡುಕಿದಿರಿ?" ಎಂದು ಕೇಳಿದಳು.

ನನಗೆ ಉತ್ತರ ಬರಲಿಲ್ಲ. ಆಕೆಯು ನನ್ನನ್ನು ಗದರಿಸುವದಕ್ಕಾಗಿ ಹಾಗೆ ಕೇಳಲಿಲ್ಲ. ಅಯ್ಯನವರು ಹುಡುಕಿಯೇ ಇರುವರೆಂದು ನಂಬಿ ಕೇಳಿದಳು. ಅದೇ ನನ್ನ ಎದೆಗೆ ಬಾಣದಂತೆ ನಾಟಿತು. ನಾನು ಆಕೆಯ ಸಂಗಡ ಹೊರಟೆನು. ಮೂರು ದಿನ ಅಂಗಡಿಯಿಂದ ಅಂಗಡಿಗೆ, ಕೋಣೆಯಿಂದ ಕೋಣೆಗೆ ತಿರುಗಿದೆವು. ಹೆಬ್ಬಾಳದ ಕಡೆಯಲ್ಲಿ ಮನೆಕಟ್ಟುವ ಕೆಲಸದವರ ಗುಡಿಸಲೊಂದರಲ್ಲಿ ಅವನು ಮಲಗಿದ್ದನು. ಅಜ್ಜಿಯು ಅವನನ್ನು ಬೈಯಲಿಲ್ಲ, ಅಳಲೂ ಇಲ್ಲ. ಗುಡಿಸಲೊಳಗೆ ಹೋಗಿ ನೆಲದ ಮೇಲೆ ಕೂತು ಮುದ್ದೆ ಮಾಡಿ ಬಡಿಸಿದಳು. ಅವನು ಉಂಡ ಮೇಲೆ, "ಯಾರ ಯಾರಿಗೆ ಎಷ್ಟು ಕೊಡಬೇಕು, ಹೇಳಪ್ಪಾ, ಅಯ್ಯನವರು ಬರೆದುಕೊಳ್ಳುತ್ತಾರೆ" ಅಂದಳು. ಅವನು ಮೊದಲು ಅರ್ಧವನ್ನೇ ಹೇಳಿದನು. ಆಕೆಯು ಸುಮ್ಮನೆ ಕಾದಳು. ಬಹಳ ಹೊತ್ತಿನ ಮೇಲೆ ಉಳಿದ ಅರ್ಧವೂ ಹೊರಗೆ ಬಂತು.

ಹಡಗನ್ನು ಉಳಿಸುವವರು ಮಾಡುವದೂ ಇದನ್ನೇ ಎಂದು ನಾನು ಆಮೇಲೆ ಅರಿತುಕೊಂಡೆನು. ಅವರು ಮೊದಲು ಹಡಗನ್ನು ಹತ್ತುತ್ತಾರೆ. ಆಮೇಲೆ ಮುಳುಗುಗಾರನು ಇಳಿದು ತೂತು ಎಲ್ಲಿದೆಯೆಂದು ಕೈಯಿಂದ ಮುಟ್ಟಿ ತಿಳಿದುಕೊಳ್ಳುತ್ತಾನೆ. ತೂತನ್ನು ಮುಚ್ಚದೆ ಪಂಪುಹಾಕಿದರೆ ಹೊರಗೆ ಹೋದಷ್ಟು ನೀರು ಒಳಗೆ ಬರುವದು. ಆಮೇಲೆ ಒಳಗಿನ ನೀರನ್ನು ಹೊರಚೆಲ್ಲಿ ಭಾರವನ್ನು ಇಳಿಸುತ್ತಾರೆ. ಕಡೆಗೆ ಹಗ್ಗ ಕಟ್ಟಿ ಮೆಲ್ಲಗೆ ಎಳೆಯುತ್ತಾರೆ. ಒಮ್ಮೆಲೇ ಜಗ್ಗಿದರೆ ಹಗ್ಗ ಹರಿಯುವದು. ಆ ಅಜ್ಜಿಯು ಮೊಮ್ಮಗನ ಕೈಗೆ ಒಂದು ರೂಪಾಯಿಯನ್ನೂ ಕೊಡಲಿಲ್ಲ. ಜೂಜಿನ ಫೋನನ್ನು ತಾನೇ ತೆಗೆದಿಟ್ಟುಕೊಂಡಳು. ಒಬ್ಬೊಬ್ಬ ಸಾಲಗಾರನ ಬಳಿಗೂ ಅವನನ್ನು ಕರೆದುಕೊಂಡು ಹೋಗಿ ತಿಂಗಳಿಗೆ ಇಷ್ಟೆಂದು ಮಾತಾಡಿಸಿ, ಅವನನ್ನು ಊರಿಗೆ ಕರೆದುಕೊಂಡು ಹೋದಳು. ಸಾಲವು ಪೂರಾ ತೀರಿತೆಂದು ನಾನು ಹೇಳಲಾರೆನು. ನಡುವೆ ಒಂದು ಸಾರಿ ಅವನು ತಿರಿಗಿ ಬಿದ್ದನು; ಅಜ್ಜಿಯು ತಿರಿಗಿ ಮೊದಲಿನಿಂದ ಆರಂಭಿಸಿದಳು. ಆರಿತೆಂದು ನೆನಸಿದ ಬೆಂಕಿ ಏಳುವದುಂಟೆಂದು ಮೇಲೆ ಹೇಳಿದೆನಲ್ಲವೇ? ಈಗ ಅವನು ತೇಲುತ್ತಿದ್ದಾನೆ. ಉಳಿಸಲ್ಪಟ್ಟ ಹಡಗಿನ ಮೇಲೆ ಬಂಡೆಯ ಗುರುತುಗಳು ಇದ್ದೇ ಇರುತ್ತವೆ.

ಆದದರಿಂದ ಪ್ರಿಯರೇ, ಈ ತಿಂಗಳಲ್ಲಿ ನೀವು ಮಾಡತಕ್ಕ ಕೆಲಸವನ್ನು ಹೇಳುತ್ತೇನೆ. ನಿಮ್ಮ ಸಭೆಯ ಪಟ್ಟಿಯನ್ನು ತೆಗೆದು ನೋಡಿರಿ. ಹೋದ ವರುಷ ಬರುತ್ತಿದ್ದು ಈ ವರುಷ ಬಾರದೆಹೋದವರು ಯಾರು ಎಂದು ಹೆಸರುಹಿಡಿದು ಕೇಳಿರಿ. ಸಭೆಯ ಹಿರಿಯರೇ, ಅವನೇ ಬರಲಿ ಎನ್ನಬೇಡಿರಿ. ಉರಿಯುವ ಹಡಗು ತಾನಾಗಿ ಬಂದರಿಗೆ ಬರುವದೋ? ತಾಯಂದಿರೇ, ಪಟ್ಟಣಕ್ಕೆ ಹೋದ ನಿಮ್ಮ ಮಕ್ಕಳು ಹಣ ಕಳುಹಿಸಿದರೋ ಎಂದು ಮಾತ್ರ ಕೇಳದೆ, ಮನಸ್ಸು ಹೇಗಿದೆಯೆಂದು ಕೇಳಿರಿ. ಯೌವನಸ್ಥರೇ, ಸಾಲದಲ್ಲಿ ಬಿದ್ದವರು ಅರ್ಧವನ್ನು ಮುಚ್ಚಿಟ್ಟುಕೊಳ್ಳಬೇಡಿರಿ. ಮುಚ್ಚಿಟ್ಟ ಆ ಅರ್ಧದಲ್ಲಿಯೇ ತೂತು ಇದೆ. ಬಿದ್ದವನ ಮನೆಗೆ ಹೋಗುವವರು ಬರಿಗೈಯಲ್ಲಿ ಹೋಗದೆ ಒಂದು ಹೊತ್ತಿನ ಊಟವನ್ನು ತೆಗೆದುಕೊಂಡು ಹೋಗಿರಿ. ಬುದ್ಧಿವಾದವನ್ನು ಹಸಿದ ಹೊಟ್ಟೆಯು ಕೇಳುವದಿಲ್ಲ.

ಮತ್ತು ಇದನ್ನು ಓದುವ ನೀನೇ ಒಡೆದ ಹಡಗಾಗಿದ್ದರೆ, ಒಂದು ಮಾತನ್ನು ನಂಬು. ಮನುಷ್ಯರು ರಸ್ತೆಯನ್ನು ದಾಟಿಹೋದರು, ನಾನೂ ದಾಟಿಹೋದೆನು. ಆದರೆ ನಿನ್ನ ಕಡೆಗೆ ಎದುರಾಗಿ ಬರುವವನೊಬ್ಬನಿದ್ದಾನೆ. ಆತನು ಹತ್ತುವದಕ್ಕೆ ಅಂಜುವದಿಲ್ಲ, ಕೂಲಿ ಕೇಳುವದಿಲ್ಲ, ಹಗ್ಗವನ್ನು ಬಿಡುವದಿಲ್ಲ.

ನಾವು ಪ್ರಾರ್ಥಿಸೋಣ. ಗಾಳಿಯನ್ನೂ ಸಮುದ್ರವನ್ನೂ ಆಳುವ ಕರ್ತನೇ, ಈ ರಾತ್ರಿ ಕಡಲಿನಲ್ಲಿ ದುಡಿಯುವ ಎಲ್ಲರನ್ನೂ, ಅಪಾಯದಲ್ಲಿರುವವರ ಬಳಿಗೆ ಹೋಗುವವರನ್ನೂ ಕಾಪಾಡು. ಮಲ್ಪೆಯ ದಡದಲ್ಲಿಯೂ ದೂರದೇಶಗಳಲ್ಲಿಯೂ ಬಾರದವರಿಗಾಗಿ ಕಾಯುವ ಮನೆಗಳನ್ನು ಆದರಿಸು. ಕಾಣದವರಂತೆ ದಾಟಿಹೋದ ನಮ್ಮ ಪಾಪವನ್ನು ಕ್ಷಮಿಸು. ಎಲ್ಲೆಲ್ಲಿ ಹುಡುಕಿದಿರಿ ಎಂದು ನೀನು ನಮ್ಮನ್ನು ಕೇಳುವ ದಿನದಲ್ಲಿ ನಾವು ಮೌನವಾಗಿ ನಿಲ್ಲದಂತೆ, ಈ ಹೊತ್ತೇ ನಮ್ಮನ್ನು ಎಬ್ಬಿಸಿ ಕಳುಹಿಸು. ಆಮೆನ್.